ಲಾಕ್‌ಡೌನ್‌ನಲ್ಲಿ ದುಡಿದದ್ದು ವಾರ್ಡು, ತೀರ್ಮಾನದ ಮೇಜಿನಲ್ಲಿ ಅದಕ್ಕೆ ಜಾಗ ಎಲ್ಲಿ?

2025ರ ಮಾರ್ಚ್‌ನಲ್ಲಿ ಸಂಸತ್ತು ವಿಪತ್ತು ನಿರ್ವಹಣಾ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ರಾಜ್ಯದ ರಾಜಧಾನಿಗೆ ಮತ್ತು ಮಹಾನಗರ ಪಾಲಿಕೆ ಇರುವ ಊರುಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಬಹುದು. ಪಾಲಿಕೆ ಆಯುಕ್ತರು ಅದರ ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು. ಇದು ಬೆಂಗಳೂರಿನಂಥ ದೊಡ್ಡ ಊರಿನ ವಿಷಯ ಅಂದುಕೊಂಡು ಪಕ್ಕಕ್ಕಿಡುವುದು ಸುಲಭ. ಆದರೆ ದಾವಣಗೆರೆ 2007ರಲ್ಲೇ ಮಹಾನಗರ ಪಾಲಿಕೆ ಆಗಿದೆ. ನಾಳೆ ಇನ್ನೊಂದು ಸಾಂಕ್ರಾಮಿಕ ಬಂದರೆ ಯಾವ ಓಣಿಗೆ ಬೇಲಿ ಹಾಕಬೇಕು, ಯಾರ ಮನೆಗೆ ಹಾಲು ಹೋಗಬೇಕು, ತರಕಾರಿ ಮಾರುಕಟ್ಟೆ ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವ ಮೇಜು ಇದೇ ಆಗಬಹುದು. ಆ ಮೇಜಿನ ಸುತ್ತ ಯಾರು ಕೂರುತ್ತಾರೆ ಅನ್ನುವುದು ನಮಗೆ ಸಂಬಂಧಪಟ್ಟ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು 2020 ಮತ್ತು 2021ರ ಲಾಕ್‌ಡೌನ್‌ಗಳನ್ನು ಮತ್ತೆ ನೋಡಬೇಕು. ಆ ದಿನಗಳ ಬಗ್ಗೆ ಮಾತು ಬಂದಾಗ ಆಸ್ಪತ್ರೆ, ಆಕ್ಸಿಜನ್, ಲಸಿಕೆ ನೆನಪಾಗುತ್ತವೆ. ಪಾಲಿಕೆಯ ಸೇವೆಗಳು ನೆನಪಾಗುವುದಿಲ್ಲ. ಕಸ ಎತ್ತಿದವರು, ನೀರು ಬಿಟ್ಟವರು, ಪಟ್ಟಿ ಬರೆದವರು, ಮರಣ ಪ್ರಮಾಣಪತ್ರ ಕೊಟ್ಟವರು ಯಾರು, ಹೇಗೆ ಅಂತ ಯಾರೂ ಕೂತು ಲೆಕ್ಕ ಹಾಕಿದಂತೆ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಮನೆಯಲ್ಲಿ ಇರಿ ಅನ್ನುವ ಆದೇಶ ಮೇಲಿಂದ ಬಂತು. ಮನೆಯಲ್ಲಿ ಇದ್ದವರಿಗೆ ಏನು ತಲುಪಿತು ಅನ್ನುವುದು ಕೆಳಗಿನ ಪಟ್ಟಿಗಳ ಮೇಲೆ ನಿಂತಿತ್ತು. ಆ ಪಟ್ಟಿ ಸರಿ ಮಾಡಬಲ್ಲವರು ವಾರ್ಡಿನಲ್ಲಿದ್ದರು. ಆದರೆ ವಾರ್ಡಿನ ಕೈಯಲ್ಲಿ ಏನೂ ಇರಲಿಲ್ಲ.

ಮೊದಲು ಅಧಿಕಾರದ ಮಾತು. ದಾವಣಗೆರೆ ಪಾಲಿಕೆಯ 45 ವಾರ್ಡುಗಳಿಗೆ ಚುನಾವಣೆ ನಡೆದದ್ದು 2019ರ ನವೆಂಬರ್‌ನಲ್ಲಿ. ಮೇಯರ್ ಆಯ್ಕೆ ಆಗಿದ್ದು 2020ರ ಫೆಬ್ರುವರಿಯಲ್ಲಿ. ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿತು. ಅಂದರೆ ನಮ್ಮ ಕೌನ್ಸಿಲ್‌ಗೆ ಕುರ್ಚಿ ಸಿಕ್ಕು ಸುಮಾರು ಒಂದು ತಿಂಗಳಾಗಿತ್ತು ಅಷ್ಟೇ. ಎಷ್ಟೋ ಕಾರ್ಪೊರೇಟರ್‌ಗಳಿಗೆ ಯಾವ ಕಡತ ಯಾವ ಟೇಬಲ್‌ನಲ್ಲಿದೆ ಅಂತ ತಿಳಿಯುವ ಮೊದಲೇ ಊರು ಬಂದ್ ಆಯಿತು.

ಅನುಭವ ಇದ್ದಿದ್ದರೂ ಜಾಸ್ತಿ ವ್ಯತ್ಯಾಸ ಆಗುತ್ತಿರಲಿಲ್ಲ ಅನ್ನಿ. ಲಾಕ್‌ಡೌನ್ ನಡೆದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿ, ಜೊತೆಗೆ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಲ್ಲಿ. 2005ರ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಚುನಾಯಿತರ ಪರವಾಗಿ ಸಹ ಅಧ್ಯಕ್ಷರ ಸ್ಥಾನ ಒಂದಿದೆ. ಜಿಲ್ಲಾ ಪಂಚಾಯಿತಿ ಇರುವ ಕಡೆ ಅದರ ಅಧ್ಯಕ್ಷರೇ ಆ ಸ್ಥಾನದಲ್ಲಿ ಇರುತ್ತಾರೆ. ಇಲ್ಲೇ ಒಂದು ಎಡವಟ್ಟು ಇದೆ. ದಾವಣಗೆರೆ ನಗರದವರು ಜಿಲ್ಲಾ ಪಂಚಾಯಿತಿಗೆ ಮತ ಹಾಕುವುದೇ ಇಲ್ಲ. ಅದು ಹಳ್ಳಿಗಳ ಸಂಸ್ಥೆ. ಹಾಗಾಗಿ ಜಿಲ್ಲೆಯಲ್ಲೇ ಅತಿ ದಟ್ಟವಾಗಿ ಜನ ಬದುಕುವ ಜಾಗಕ್ಕೆ, ಸೋಂಕು ಅತಿ ಬೇಗ ಹರಡಬಹುದಾದ ಜಾಗಕ್ಕೆ, ತೀರ್ಮಾನದ ಮೇಜಿನಲ್ಲಿ ತಾನಾಗಿ ಸಿಗುವ ಚುನಾಯಿತ ಪ್ರತಿನಿಧಿಯೇ ಇರಲಿಲ್ಲ. 2021ರ ಮಧ್ಯದ ಹೊತ್ತಿಗೆ ರಾಜ್ಯದ ಜಿಲ್ಲಾ ಪಂಚಾಯಿತಿಗಳ ಅವಧಿಯೂ ಮುಗಿಯಿತು. ಆಮೇಲೆ ಆ ಕುರ್ಚಿಯೂ ಖಾಲಿ.

ಇದನ್ನು ಅಧಿಕಾರಿಗಳ ಮೇಲಿನ ದೂರು ಅಂತ ಓದಬಾರದು. ಆಗ ಜಿಲ್ಲಾಧಿಕಾರಿ ಆಗಿದ್ದವರು ಮಹಾಂತೇಶ ಬೀಳಗಿ. ಅವರ ಕಚೇರಿಯ ಮೇಲೆ ಬಿದ್ದ ಹೊರೆ ಯಾವ ಒಬ್ಬ ಅಧಿಕಾರಿಯೂ ಹೊರಬೇಕಾದ ಹೊರೆ ಅಲ್ಲ. ಒಂದೇ ಕಚೇರಿ ಗಡಿ ಚೆಕ್‌ಪೋಸ್ಟ್ ನೋಡಬೇಕು, ಆಸ್ಪತ್ರೆ ಹಾಸಿಗೆ ನೋಡಬೇಕು, ಮೆಕ್ಕೆಜೋಳದ ಲಾರಿ ಬಿಡಬೇಕು, ಯಾವುದೋ ಓಣಿಯ ಎಂಟನೇ ಮನೆಗೆ ಹಾಲಿಲ್ಲ ಅನ್ನುವ ಫೋನ್‌ಗೂ ಉತ್ತರ ಕೊಡಬೇಕು. ಕಾನೂನು ಹೀಗೆ ಕಟ್ಟಿದೆ. ದೋಷ ಆ ಕಟ್ಟಡದಲ್ಲಿದೆ.

ಹಸಿರು ವಲಯದಿಂದ ಸೀಲ್‌ಡೌನ್‌ಗೆ

2020ರ ಏಪ್ರಿಲ್ ಕೊನೆಯವರೆಗೆ ದಾವಣಗೆರೆ ನಿರಾಳವಾಗಿತ್ತು. ಮೊದಲು ಬಂದಿದ್ದ ಬೆರಳೆಣಿಕೆಯ ಸೋಂಕಿತರು ಗುಣವಾಗಿದ್ದರು. ಜಿಲ್ಲೆ ಹಸಿರು ವಲಯದಲ್ಲಿತ್ತು. ಅಂಗಡಿ ತೆಗೆಯುವ ಮಾತು ನಡೆದಿತ್ತು. ಏಪ್ರಿಲ್ 29ರಿಂದ ಚಿತ್ರ ಬದಲಾಯಿತು. ಬಾಷಾ ನಗರ, ಜಾಲಿ ನಗರ ಅನ್ನುವ ಹೆಸರುಗಳು ರಾಜ್ಯದ ಬುಲೆಟಿನ್‌ನಲ್ಲಿ ಕೇಳಿಬಂದವು. ಮೇ 3ರಂದು ಒಂದೇ ದಿನ 21 ಪ್ರಕರಣ. ಕೆಲವೇ ದಿನದಲ್ಲಿ ಊರು ಹಸಿರಿನಿಂದ ಕೆಂಪಿನ ಕಡೆ ಓಡಿತು.

ಆಮೇಲೆ ಸೀಲ್‌ಡೌನ್. ಒಂದು ಓಣಿಗೆ ಒಳಹೋಗುವ ದಾರಿ ಒಂದೇ, ಅಲ್ಲಿ ಪೊಲೀಸ್. ಸುತ್ತ ನಿಗಾ ಇಡುವ ಬಫರ್ ಝೋನ್. ಆಗಿನ ಕೇಂದ್ರದ ಮಾರ್ಗಸೂಚಿಯಲ್ಲಿ ನಾಲ್ಕು ವಾರ ಹೊಸ ಪ್ರಕರಣ ಇಲ್ಲದಿದ್ದರೆ ಮಾತ್ರ ತೆರವು. ಈ ನಾಲ್ಕು ವಾರ ಅಂದರೆ ಏನು ಅನ್ನುವುದು ಮನೆಯ ಅಳತೆಯ ಮೇಲೆ ಹೋಗುತ್ತದೆ. ವಿದ್ಯಾನಗರದಲ್ಲಿ, ಎಂಸಿಸಿ ಬ್ಲಾಕ್‌ನಲ್ಲಿ ಮೂರು ಕೋಣೆ, ಸಂಪು, ಫ್ರಿಡ್ಜ್ ಇರುವ ಮನೆಗೆ ಅದು ಬೇಸರ. ಹಳೇ ದಾವಣಗೆರೆಯಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಇರುವ ಬಾಡಿಗೆ ಮನೆಗೆ ಅದು ಕೂಲಿ, ನೀರು, ಕಕ್ಕಸು, ಬಾಡಿಗೆ ಎಲ್ಲ ಒಟ್ಟಿಗೆ ನಿಂತಂತೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಇರುವುದೂ ಹೆಚ್ಚಾಗಿ ಈ ಕಡೆಯೇ. ಮಂಡಕ್ಕಿ ಒಬ್ಬರ ಕೆಲಸ ಅಲ್ಲ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಬೇಕು, ಉಪ್ಪುನೀರು ಹಿಡಿಸಬೇಕು, ಕಾದ ಮರಳಿನಲ್ಲಿ ಹುರಿಯಬೇಕು, ಚೀಲ ಕಟ್ಟಬೇಕು, ಲೋಡ್ ಮಾಡಬೇಕು. ಇದರಲ್ಲಿ ಒಂದು ಕೈ ಸೀಲ್‌ಡೌನ್ ಒಳಗೆ ಸಿಕ್ಕಿಕೊಂಡರೆ ಹೊರಗಿರುವ ಉಳಿದ ಕೈಗಳಿಗೂ ಕೆಲಸ ಇಲ್ಲ. ಕಂಟೈನ್ಮೆಂಟ್ ಝೋನ್ ಅನ್ನುವುದು ನಕ್ಷೆಯಲ್ಲಿ ಸುತ್ತ ನೂರು ಮೀಟರ್ ದೂರದ ಗೆರೆ ಆಗಿರಬಹುದು. ಕೂಲಿಯ ನಕ್ಷೆಯಲ್ಲಿ ಅದು ಅರ್ಧ ಊರಿಗೆ ಹಬ್ಬುತ್ತದೆ. ಗೆರೆ ಎಳೆಯುವ ಮೊದಲು ಇದನ್ನು ಹೇಳಬಲ್ಲವರು ಅಲ್ಲಿಯ ಕಾರ್ಪೊರೇಟರ್, ಆಶಾ ಕಾರ್ಯಕರ್ತೆ, ಮಸೀದಿ ಕಮಿಟಿಯವರು, ಭಟ್ಟಿ ಮಾಲೀಕರು, ಕೂಲಿ ಹೆಂಗಸರು. ಅವರನ್ನು ಕೂರಿಸಿ ಕೇಳಬೇಕು ಅನ್ನುವ ನಿಯಮ ಎಲ್ಲೂ ಇರಲಿಲ್ಲ. ಕೇಳಿದರೆ ಅದು ಅಧಿಕಾರಿಯ ಒಳ್ಳೆಯತನ, ಕೇಳದಿದ್ದರೆ ತಪ್ಪಲ್ಲ.

ಇದರ ಜೊತೆಗೆ ಬಂದ ಅವಮಾನವನ್ನೂ ಮರೆಯಬಾರದು. ಕೈ ಮೇಲೆ ಕ್ವಾರಂಟೈನ್ ಸೀಲ್, ಬಾಗಿಲ ಮೇಲೆ ಪೋಸ್ಟರ್. ಬಾಗಿಲಿಗೆ ಹೀಗೆ ಪೋಸ್ಟರ್ ಅಂಟಿಸಲು ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶ ಬೇಕು, ಸುಮ್ನೆ ಅಂಟಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಸಾವಿರಾರು ಬಾಗಿಲುಗಳ ಮೇಲೆ ಅದು ಅಂಟಿ ಹೋಗಿತ್ತು. ಪ್ರಕರಣ ಮೊದಲು ಕಂಡ ಓಣಿಯ ಹೆಸರು ಹೇಳಿದರೆ ಕೆಲಸ ಕೊಡದವರು, ತರಕಾರಿ ಕೊಳ್ಳದವರು ಎಲ್ಲ ಊರಲ್ಲೂ ಇದ್ದರು. ಹೆದರಿಕೆ ಅರ್ಥವಾಗುತ್ತದೆ. ಆದರೆ ಪೋಸ್ಟರ್ ಅಂಟಿಸಿದ ಮೇಲೆ ಜ್ವರ ಬಂದವರು ಮುಚ್ಚಿಟ್ಟರು. ಅದರಿಂದ ರೋಗ ಹಿಡಿಯುವ ಕೆಲಸವೇ ಕಷ್ಟವಾಯಿತು.

ಪಟ್ಟಿಯಲ್ಲಿ ಹೆಸರಿದ್ದವರು, ಇಲ್ಲದವರು

ಈಗ ಪಟ್ಟಿಗಳಿಗೆ ಬರೋಣ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇರುವುದು ಇಲ್ಲಿ.

ಹಾಲಿನಿಂದ ಶುರು ಮಾಡೋಣ. 2020ರ ಏಪ್ರಿಲ್‌ನಲ್ಲಿ ಹೋಟೆಲ್‌ಗಳು ಮುಚ್ಚಿದವು. ಬೆಣ್ಣೆ ದೋಸೆಯ ಹಂಚು ತಣ್ಣಗಾಯಿತು, ಟೀ ಅಂಗಡಿ ಇಲ್ಲ, ಮದುವೆ ಇಲ್ಲ. ಹಾಲು ಒಕ್ಕೂಟಗಳಲ್ಲಿ ಹಾಲು ಉಳಿಯತೊಡಗಿತು. ನಮ್ಮ ಭಾಗದ ಶಿಮುಲ್‌ಗೆ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಯ ರೈತರು ಹಾಲು ಹಾಕುತ್ತಾರೆ. ರೈತರಿಂದ ಕೊಳ್ಳುವುದು ನಿಲ್ಲಿಸುವ ಹಾಗಿಲ್ಲ, ಮಾರುಕಟ್ಟೆಯಲ್ಲಿ ಕೊಳ್ಳುವವರಿಲ್ಲ. ಆಗ ಸರ್ಕಾರ ಉಳಿದ ಹಾಲನ್ನು ಕೊಂಡು ಕೊಳಗೇರಿಯ ಬಡವರಿಗೆ ಉಚಿತವಾಗಿ ಹಂಚಿಸಿತು. ಹಂಚುವ ಕೆಲಸ ನಗರ ಸ್ಥಳೀಯ ಸಂಸ್ಥೆಗಳದ್ದು. ಇದು ಒಳ್ಳೆಯ ಯೋಚನೆ. ಹಾಲು ಹಾಕಿದ ರೈತನಿಗೂ ಉಳಿವು, ನಗರದ ಮಗುವಿಗೂ ಹಾಲು. ಆದರೆ ಕೊಳಗೇರಿ ಅಂದರೆ ಯಾವುದು? ಸರ್ಕಾರದ ಪಟ್ಟಿಯಲ್ಲಿ ಘೋಷಣೆ ಆದದ್ದು ಮಾತ್ರ ಕೊಳಗೇರಿ. ಪಕ್ಕದ ಓಣಿಯಲ್ಲಿ ಅಷ್ಟೇ ಬಡತನ ಇದ್ದರೂ, ಘೋಷಣೆ ಆಗದಿದ್ದರೆ ಅದು ಬರೀ ಓಣಿ.

ಅಕ್ಕಿಯದೂ ಇದೇ ಕಥೆ. ಏಪ್ರಿಲ್ ಮತ್ತು ಮೇ ತಿಂಗಳ ಪಡಿತರ ಒಟ್ಟಿಗೆ ಬಂತು. ಕೇಂದ್ರದ ಗರೀಬ್ ಕಲ್ಯಾಣ ಯೋಜನೆಯಲ್ಲಿ ತಲೆಗೆ 5 ಕೆ.ಜಿ. ಧಾನ್ಯ ಬಂತು. ಈ ವ್ಯವಸ್ಥೆ ಎಷ್ಟೋ ಮನೆಗಳನ್ನು ಹಸಿವಿನಿಂದ ಕಾಪಾಡಿತು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಕಾರ್ಡ್ ಜಗಳೂರಿನ ಹಳ್ಳಿಯಲ್ಲಿ, ಸಂಸಾರ ದಾವಣಗೆರೆಯ ಬಾಡಿಗೆ ಕೋಣೆಯಲ್ಲಿ ಅನ್ನುವವರು ನಮ್ಮಲ್ಲಿ ಬಹಳ. ಬಸ್ ಇಲ್ಲ, ರಸ್ತೆಯಲ್ಲಿ ತಡೆ ಇದೆ. ಕಾರ್ಡ್ ಇದ್ದೂ ಅಕ್ಕಿ ಇಲ್ಲ.

2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲೇ ಘೋಷಿಸಿದ್ದ 2,000ದ ಮೇಲೆ ಇನ್ನೂ 3,000. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಆಮೇಲೆ ಮೆಕ್ಕೆಜೋಳ ಬೆಳೆದವರಿಗೂ 5,000 ಸೇರಿತು. ಮೆಕ್ಕೆಜೋಳವೇ ಜೀವಾಳವಾದ ನಮ್ಮ ಜಿಲ್ಲೆಗೆ ಇದು ದೊಡ್ಡ ವಿಷಯ. ಈಗ ಈ ಪಟ್ಟಿಗಳು ಎಲ್ಲಿ ಇದ್ದವು ನೋಡಿ. ರೈತನ ಹೆಸರು ಪಹಣಿಯಲ್ಲಿ, ಬೆಳೆ ಸಮೀಕ್ಷೆಯಲ್ಲಿ ಇತ್ತು. ಆಟೊ ಚಾಲಕನ ಹೆಸರು ಸಾರಿಗೆ ಇಲಾಖೆಯಲ್ಲಿತ್ತು. ಕಟ್ಟಡ ಕಾರ್ಮಿಕನದು ಕಾರ್ಮಿಕ ಇಲಾಖೆಯ ಮಂಡಳಿಯಲ್ಲಿ, 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟು ನೋಂದಾಯಿಸಿದ್ದರೆ ಮಾತ್ರ. ಕ್ಷೌರಿಕನ, ಅಗಸನ ಹೆಸರು ಎಲ್ಲೂ ಇರಲಿಲ್ಲ. ಅವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು, ಇದೇ ನಮ್ಮ ಕಸುಬು ಅನ್ನುವುದಕ್ಕೆ ದೃಢೀಕರಣ ತರಬೇಕಿತ್ತು. ನಲವತ್ತು ವರ್ಷ ಒಂದೇ ಓಣಿಯಲ್ಲಿ ಕತ್ತರಿ ಹಿಡಿದವನನ್ನು ಇಡೀ ವಾರ್ಡ್ ಬಲ್ಲದು. ಆದರೆ ಬಾಯಿಮಾತಿನ ಪರಿಚಯಕ್ಕೆ ಪೋರ್ಟಲ್‌ನಲ್ಲಿ ಬಟನ್ ಇಲ್ಲ, ಅಲ್ವಾ?

ಬೀದಿ ವ್ಯಾಪಾರಿಗಳ ವಿಷಯ ಇನ್ನೂ ಬಿಡಿಸಿ ನೋಡಬೇಕು. ಏಕೆಂದರೆ ಅವರ ಪಟ್ಟಿ ಮಾಡುವುದು ಪಾಲಿಕೆಯದೇ ಹೊಣೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಲ್ಲೂ ಸಮೀಕ್ಷೆ ನಡೆಯಬೇಕು, ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ವ್ಯಾಪಾರಿಗೆ ಪ್ರಮಾಣಪತ್ರ ಸಿಗಬೇಕು. 2020ರ ಜೂನ್ 1ರಂದು ಪಿಎಂ ಸ್ವನಿಧಿ ಯೋಜನೆ ಬಂತು. ಮಾರ್ಚ್ 24ರ ಹೊತ್ತಿಗೆ ವ್ಯಾಪಾರ ಮಾಡುತ್ತಿದ್ದವರಿಗೆ 10,000 ರೂಪಾಯಿ ಸಾಲ. ಪ್ರಮಾಣಪತ್ರ ಇದ್ದವರಿಗೆ ದಾರಿ ಸಲೀಸು. ಇಲ್ಲದವರು ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ತರಬೇಕು. ಸರಿ, ಅದು ಸಾಲದ ಮಾತು ಅನ್ನಬಹುದು. ಆದರೆ 2021ರ ಮೇ 19ರಂದು ಎರಡನೇ ಪ್ಯಾಕೇಜ್ ಬಂದಾಗ ಬೀದಿ ವ್ಯಾಪಾರಿಗಳಿಗೆ ಕೊಟ್ಟ 2,000 ರೂಪಾಯಿ ಪರಿಹಾರ ಹೋದದ್ದು ಅದೇ ಯೋಜನೆಯಲ್ಲಿ ನೋಂದಾಯಿಸಿದವರಿಗೆ. ಅಂದರೆ ಒಮ್ಮೆ ಪಟ್ಟಿಯಿಂದ ಹೊರಗುಳಿದವರು ಮುಂದಿನ ಸಲವೂ ಹೊರಗೇ. ಸಾಲ ಬೇಡ ಅಂತ ಸುಮ್ಮನಿದ್ದ ತಳ್ಳುಗಾಡಿಯ ಅಜ್ಜಿ ವರ್ಷದ ನಂತರ ಪರಿಹಾರವನ್ನೂ ಕಳೆದುಕೊಂಡಳು.

ಅದೇ ಅಜ್ಜಿಯನ್ನು ನೆಚ್ಚಿಕೊಂಡೇ ಊರು ಉಂಡಿತು ಅನ್ನುವುದು ಇನ್ನೊಂದು ಸತ್ಯ. 2021ರಲ್ಲಿ ಅಂಗಡಿಗಳಿಗೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಜನ ಮಾರುಕಟ್ಟೆಗೆ ನುಗ್ಗಿದರು. ನಾಲ್ಕು ಗಂಟೆಗೆ ಇಡೀ ದಿನದ ಜನ ಸೇರಿದರೆ ಅಂತರ ಎಲ್ಲಿಂದ ಬರಬೇಕು? ಆಮೇಲೆ ಆದೇಶ ತಿದ್ದಿ ತಳ್ಳುಗಾಡಿ, ಹಾಪ್‌ಕಾಮ್ಸ್, ಹಾಲಿನ ಬೂತ್‌ಗಳಿಗೆ ಸಂಜೆ 6ರವರೆಗೆ ಬಿಟ್ಟರು. ಜನದಟ್ಟಣೆ ಕಡಿಮೆ ಮಾಡುವ ಕೆಲಸದಲ್ಲಿ ತಳ್ಳುಗಾಡಿಯವರು ಆಡಳಿತದ ಪಾಲುದಾರರಾದರು. ಪಾಲುದಾರರ ಹೆಸರು ಮಾತ್ರ ಪೂರ್ತಿ ಬರೆದಿರಲಿಲ್ಲ.

ಆ ವರ್ಷದ ಲಾಕ್‌ಡೌನ್ ನಮಗೆ ಬೇರೆಯವರಿಗಿಂತ ಉದ್ದವಾಗಿತ್ತು ಅನ್ನುವುದನ್ನೂ ಸೇರಿಸಬೇಕು. ಏಪ್ರಿಲ್ 27ರ ರಾತ್ರಿ ಶುರುವಾದ ಬಂದ್ ಮೇ 10ರಿಂದ ಬಿಗಿಯಾಯಿತು. ಜೂನ್ 14ಕ್ಕೆ ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಸಡಿಲಿಕೆ ಸಿಕ್ಕಿತು. ಸೋಂಕು ಇಳಿಯದ 11 ಜಿಲ್ಲೆಗಳಿಗೆ ಮಾತ್ರ ಇನ್ನೊಂದು ವಾರ. ಅದರಲ್ಲಿ ದಾವಣಗೆರೆಯೂ ಇತ್ತು.

ಕಸ, ನೀರು, ಕಾಗದ

ಪೌರಕಾರ್ಮಿಕರ ಬಗ್ಗೆ ಹೂಮಳೆಯ ವಿಡಿಯೊಗಳು ಬಹಳ ಬಂದವು. ನಾನು ಲೆಕ್ಕದ ಮಾತು ಹೇಳುತ್ತೇನೆ. ರಾಜ್ಯದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಅನ್ನುವುದು ಮಾನದಂಡ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4.35 ಲಕ್ಷದ ಹತ್ತಿರ. ಆ ಹಳೇ ಲೆಕ್ಕಕ್ಕೇ 620 ಜನ ಬೇಕು. ಊರು ಆಮೇಲೆ ಶಾಮನೂರು, ಬಾತಿ ಕಡೆಗೆಲ್ಲ ಹಬ್ಬಿದೆ. ಇಷ್ಟರ ಮೇಲೆ ಲಾಕ್‌ಡೌನ್‌ನಲ್ಲಿ ಹೊಸ ಕೆಲಸಗಳು ಸೇರಿದವು. ರಾಸಾಯನಿಕ ಸಿಂಪಡಣೆ, ಸೀಲ್‌ಡೌನ್ ಓಣಿಯ ಕಸ, ಕ್ವಾರಂಟೈನ್ ಮನೆಯ ಕಸ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚನೆ ಪ್ರಕಾರ ಸೋಂಕಿತರ ಮನೆಯ ಕಸ ಹಳದಿ ಚೀಲದಲ್ಲಿ ಬರಬೇಕು. ಸಾಮಾನ್ಯ ಮನೆಯವರು ಬಳಸಿದ ಮಾಸ್ಕನ್ನು 72 ಗಂಟೆ ಕಾಗದದ ಚೀಲದಲ್ಲಿಟ್ಟು, ಕತ್ತರಿಸಿ ಹಾಕಬೇಕು. ಎಷ್ಟು ಮನೆಯಲ್ಲಿ ಇದು ಗೊತ್ತಿತ್ತು? ಹಸಿ ಕಸ, ಒಣ ಕಸ ಬೇರೆ ಮಾಡದ ಊರಲ್ಲಿ ಹಳದಿ ಚೀಲದ ಶಿಸ್ತು ರಾತ್ರೋರಾತ್ರಿ ಬರುವುದಿಲ್ಲ. ಆ ಶಿಸ್ತಿನ ಕೊರತೆಯನ್ನು ತುಂಬಿದ್ದು ಬರಿಗೈ. ಅದೂ ಹೆಚ್ಚಾಗಿ ಹೆಂಗಸರ ಕೈ.

ಅವರಲ್ಲಿ ಅನೇಕರು ನೇರ ಪಾವತಿಯವರು, ಕಾಯಂ ಅಲ್ಲ. ಕಾಯಂ ಮಾಡಿ ಅಂತ 2022ರ ಜುಲೈನಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಿದ ಮೇಲೆ, ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಒಪ್ಪಿತು. ಆಶಾ ಕಾರ್ಯಕರ್ತೆಯರೂ ಅಷ್ಟೇ. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದ ಹೊತ್ತಲ್ಲೇ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಅವರು ಮುಷ್ಕರ ಹೂಡಬೇಕಾಯಿತು. ಮನೆ ಮನೆ ಬಲ್ಲ ಎರಡು ಪಡೆಗಳು ಇವು. ಎರಡಕ್ಕೂ ತಮ್ಮ ಕೂಲಿಗಾಗಿ ಬೀದಿಗೆ ಇಳಿಯುವ ಗತಿ ಬಂತು. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ನೀರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದಾವಣಗೆರೆಗೆ ನೀರು ಬರುವುದು ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ, ಭದ್ರಾ ನಾಲೆ ತುಂಬಿಸುವ ಕುಂದವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆಯಿಂದ. ದಿನವೂ ಇಡೀ ಹೊತ್ತು ನೀರು ಕೊಡುವ ಜಲಸಿರಿ ಯೋಜನೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ನಡೆಯುತ್ತಾ ಬಂದಿದೆ. 2020ರ ಬೇಸಿಗೆಯಲ್ಲಿ ಅದು ಇನ್ನೂ ಕಾಮಗಾರಿ ಹಂತದಲ್ಲಿತ್ತು. ಸಂಪು ಇರುವವರಿಗೆ ಕೈ ತೊಳೆಯಿರಿ ಅನ್ನುವುದು ಸಲಹೆ. ಕೊಡದಲ್ಲಿ ನೀರು ಹಿಡಿದಿಡುವವರಿಗೆ ಅದು ಖರ್ಚು. ಬೀದಿ ನಲ್ಲಿಯ ಮುಂದೆ ಆರು ಅಡಿ ಅಂತರದಲ್ಲಿ ನಿಂತರೆ ಕೊನೆಯ ಕೊಡಕ್ಕೆ ನೀರು ಸಿಗುವ ಮೊದಲೇ ನಲ್ಲಿ ನಿಲ್ಲುತ್ತದೆ. ದಾವಣಗೆರೆ 2016ರ ಜನವರಿಯಲ್ಲೇ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ಒಂದಾಯಿತು. ಯಾವ ಓಣಿಯಲ್ಲಿ ಎಷ್ಟು ಮನೆಗೆ ಸಂಪಿಲ್ಲ ಅನ್ನುವ ಪಟ್ಟಿ ಸ್ಮಾರ್ಟ್ ಊರಿಗೆ ಬೇಕಾದ ಮೊದಲ ದಾಖಲೆ ಅಂತ ನನಗೆ ಅನ್ನಿಸುತ್ತದೆ.

ಇನ್ನು ಕಾಗದ. ಸಾವಿನ ಸುದ್ದಿ ಹೆಚ್ಚಾದ 2021ರ ಮೇ, ಜೂನ್ ತಿಂಗಳಲ್ಲಿ ಪಾಲಿಕೆಯ ಒಂದು ಸೇವೆ ಇದ್ದಕ್ಕಿದ್ದಂತೆ ಎಲ್ಲಕ್ಕಿಂತ ಮುಖ್ಯವಾಯಿತು. ಅದು ಜನನ ಮರಣ ವಿಭಾಗ. 1969ರ ಕಾಯ್ದೆ ಪ್ರಕಾರ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. 30 ದಿನದವರೆಗೆ ತಡವಾದರೆ ದಂಡದ ಶುಲ್ಕ. ಅದಕ್ಕೂ ಮೀರಿದರೆ ಆಗ ಅನುಮತಿ, ಅಫಿಡವಿಟ್ಟು ಬೇಕಿತ್ತು. ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಆದೇಶ ಅಂತ ಆಗ ಇತ್ತು. ಮನೆಯಲ್ಲೇ ತೀರಿಕೊಂಡವರು, ಊರಿಗೆ ಕರೆದೊಯ್ಯುವ ದಾರಿಯಲ್ಲಿ ತೀರಿಕೊಂಡವರು, ಮನೆಮಂದಿಯೆಲ್ಲ ಹಾಸಿಗೆ ಹಿಡಿದಿದ್ದವರು. ಇಂಥ ಕುಟುಂಬಗಳಿಗೆ 21 ದಿನ ಅನ್ನುವುದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯಿತು. ಜೂನ್ 14ಕ್ಕೆ ಸರ್ಕಾರ ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ರೂಪಾಯಿ ಘೋಷಿಸಿತು. ಸುಪ್ರೀಂ ಕೋರ್ಟ್ ಮಧ್ಯೆ ಬಂದ ಮೇಲೆ ವಿಪತ್ತು ನಿಧಿಯಿಂದ 50,000 ರೂಪಾಯಿಯೂ ಸಿಗುವಂತಾಯಿತು. ಎರಡಕ್ಕೂ ಮೊದಲು ಕೇಳುವುದು ಮರಣ ಪ್ರಮಾಣಪತ್ರ, ಆಮೇಲೆ ಸೋಂಕಿಗೆ ಪುರಾವೆ. ದುಃಖದಲ್ಲಿದ್ದ ಮನೆಗೆ ಹೋಗಿ ಈ ಕಾಗದ ಈ ದಿನದೊಳಗೆ ಮಾಡಿಸಿ ಅಂತ ಹೇಳುವುದು ಯಾರ ಕೆಲಸ ಆಗಿತ್ತು? ಬರೆದಿಟ್ಟಂತೆ ಯಾರದೂ ಅಲ್ಲ. ಹೇಳುವವರು ಸಿಕ್ಕ ಓಣಿಯಲ್ಲಿ ಕೆಲಸ ಆಯಿತು.

ದೊಡ್ಡ ಮನಸ್ಸು ಒಂದು ವ್ಯವಸ್ಥೆ ಆಗುವುದಿಲ್ಲ

ನಮ್ಮ ಜಿಲ್ಲೆಯಲ್ಲಿ ಕೊಡುಗೈಗೆ ಬರ ಇಲ್ಲ. 2021ರಲ್ಲಿ ಲಸಿಕೆ ಸಿಗದೆ ಜನ ಪರದಾಡುತ್ತಿದ್ದಾಗ ಶಾಮನೂರು ಕುಟುಂಬ ಸ್ವಂತ ಖರ್ಚಿನಲ್ಲಿ ಲಸಿಕೆ ತರಿಸಿ ಉಚಿತವಾಗಿ ಹಾಕಿಸಿತು. ಹೊನ್ನಾಳಿಯ ಆಗಿನ ಶಾಸಕ ಎಂ.ಪಿ. ರೇಣುಕಾಚಾರ್ಯ ಅರಬಗಟ್ಟೆಯ ಕೋವಿಡ್ ಕೇರ್ ಸೆಂಟರ್‌ನಲ್ಲೇ ಉಳಿದು ಸೋಂಕಿತರ ಜೊತೆ ಇದ್ದರು. ಮಠಗಳು, ಮಸೀದಿಗಳು, ಯುವಕ ಸಂಘಗಳು ಊಟದ ಪೊಟ್ಟಣ ಹಂಚಿದವು. ಅದೇ ವರ್ಷದ ಮೇ ತಿಂಗಳಲ್ಲಿ ಇಂದಿರಾ ಕ್ಯಾಂಟೀನ್‌ಗಳಲ್ಲಿ ಊಟ ಉಚಿತವಾಯಿತು. ಇದೆಲ್ಲ ನಿಜ, ಇದೆಲ್ಲಕ್ಕೂ ಋಣಿಯಾಗಿರಬೇಕು.

ಆದರೆ ದಾನಕ್ಕೆ ತನ್ನದೇ ದಾರಿ ಇರುತ್ತದೆ. ಗಾಡಿ ಹೋಗುವ ರಸ್ತೆಯವರಿಗೆ ಮೂರು ಪೊಟ್ಟಣ, ಗಲ್ಲಿಯ ತುದಿಯವರಿಗೆ ಒಂದೂ ಇಲ್ಲ. ಕೊಡುವವರಿಗೆ ಇದು ಗೊತ್ತಾಗುವುದೂ ಇಲ್ಲ. ಇಂದಿರಾ ಕ್ಯಾಂಟೀನ್‌ನ 5 ರೂಪಾಯಿಯ ತಿಂಡಿ, 10 ರೂಪಾಯಿಯ ಊಟ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅಲ್ಲಿ ಯಾರ ಮುಲಾಜೂ ಇಲ್ಲ, ಕಾರ್ಡೂ ಬೇಡ, ಫೋಟೊಕ್ಕೆ ನಿಲ್ಲಬೇಕಾಗಿಲ್ಲ. ಕೌಂಟರ್ ತನಕ ನಡೆದು ಬರಲು ಆಗಬೇಕು, ಅಷ್ಟೇ. ಸೀಲ್‌ಡೌನ್ ಓಣಿಯವರಿಗೆ ಆಗದೆ ಇದ್ದದ್ದೂ ಅದೇ.

ಹಳ್ಳಿಗೆ ಇದ್ದದ್ದು, ನಗರಕ್ಕೆ ಇಲ್ಲದ್ದು

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಕಾರ್ಯಪಡೆಗಳಾದವು. ಹೊರಗಿಂದ ಯಾರು ಬಂದರು, ಯಾರ ಮನೆಯಲ್ಲಿ ಇದ್ದಾರೆ ಅನ್ನುವ ಪಟ್ಟಿ ಪಿಡಿಒ ಕೈಯಲ್ಲಿತ್ತು. ಬೆಂಗಳೂರಿನಿಂದ ಕೆಲಸ ಬಿಟ್ಟು ಬಂದವರಿಗೆ ನರೇಗಾದಲ್ಲಿ ದಿನಕ್ಕೆ 275 ರೂಪಾಯಿ, ಮರುವರ್ಷ 289 ರೂಪಾಯಿ ಕೂಲಿ ಸಿಕ್ಕಿತು. ಎಲ್ಲವೂ ಚೆನ್ನಾಗಿತ್ತು ಅಂತಲ್ಲ. 2020ರ ಮಧ್ಯದಲ್ಲೇ ಪಂಚಾಯಿತಿಗಳ ಅವಧಿ ಮುಗಿದು, ಡಿಸೆಂಬರ್ 22 ಮತ್ತು 27ರ ಚುನಾವಣೆವರೆಗೆ ಆಡಳಿತಾಧಿಕಾರಿಗಳೇ ಇದ್ದರು. ಆದರೂ ಹಳ್ಳಿಗೆ ಒಂದು ಚೌಕಟ್ಟು ಇತ್ತು. ನಗರದ ಕೂಲಿಗೆ ನರೇಗಾ ಇರಲಿಲ್ಲ, ವಾರ್ಡಿಗೆ ಪಿಡಿಒ ಇರಲಿಲ್ಲ.

ಒಂದು ಲೆಕ್ಕ ನೋಡಿ. 45 ವಾರ್ಡಿಗೆ 4.35 ಲಕ್ಷ ಜನ ಅಂದರೆ ವಾರ್ಡಿಗೆ ಸರಾಸರಿ ಸುಮಾರು 9,670 ಜನ. ಅವರೆಲ್ಲರಿಗೂ ಚುನಾಯಿತರು ಒಬ್ಬರೇ. ಪಂಚಾಯತ್ ರಾಜ್ ಕಾಯ್ದೆಯಲ್ಲಿ 400 ಜನರಿಗೆ ಒಬ್ಬ ಸದಸ್ಯ. ಅದೇ ಅಳತೆ ಹಿಡಿದರೆ ಅಷ್ಟೇ ಜನಕ್ಕೆ 24 ಸದಸ್ಯರು. ಲಾಕ್‌ಡೌನ್‌ನಲ್ಲಿ ಒಬ್ಬ ಕಾರ್ಪೊರೇಟರ್‌ನ ಫೋನ್ ಯಾಕೆ ಸದಾ ಬ್ಯುಸಿ ಬರುತ್ತಿತ್ತು ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇದಕ್ಕೆ ಪರಿಹಾರ ಕಾನೂನಿನಲ್ಲಿ ಆಗಲೇ ಬರೆದಿದೆ. ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. ರಾಜ್ಯದ ಪಾಲಿಕೆ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಆಗಿ ವಾರ್ಡ್ ಸಮಿತಿ, ವಾರ್ಡಿನ ಒಂದೊಂದು ಭಾಗದ ಮತದಾರರು ಸೇರುವ ಏರಿಯಾ ಸಭೆ ಎರಡೂ ಸೇರಿದವು. 2016ರಲ್ಲಿ ನಿಯಮಗಳೂ ಬಂದವು. ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ಮಂದಿ ಸದಸ್ಯರು. ಅದರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ತಿಂಗಳಿಗೊಮ್ಮೆ ಸಭೆ. ಯೋಜನೆಗಳ ಫಲಾನುಭವಿಗಳನ್ನು ಏರಿಯಾ ಸಭೆ ಗುರುತಿಸಬೇಕು, ಆ ಪಟ್ಟಿಯನ್ನು ವಾರ್ಡ್ ಸಮಿತಿ ಒಪ್ಪಬೇಕು. ಅಂದರೆ ನಾವು ಮೇಲೆ ನೋಡಿದ ಹಾಲಿನ ಪಟ್ಟಿ, ವ್ಯಾಪಾರಿಗಳ ಪಟ್ಟಿ, ಇವನ್ನೆಲ್ಲ ತಿದ್ದುವ ಜಾಗ ಇದೇ. ತಿಂಗಳು ತಿಂಗಳು ಸೇರಿ ರೂಢಿಯಾದ ಸಮಿತಿ 2020ರ ಮಾರ್ಚ್‌ನಲ್ಲಿ ಪ್ರತಿ ವಾರ್ಡಲ್ಲೂ ಇದ್ದಿದ್ದರೆ ಬಾಷಾ ನಗರದ ಓಣಿಗೆ ಬೇಲಿ ಬೀಳುವ ದಿನವೇ ಒಳಗೆ ಎಷ್ಟು ಬಾಣಂತಿಯರು, ಎಷ್ಟು ಡಯಾಲಿಸಿಸ್ ರೋಗಿಗಳು, ಎಷ್ಟು ಜನ ಕಾರ್ಡ್ ಇಲ್ಲದವರು ಅನ್ನುವುದು ಹಾಳೆಯ ಮೇಲೆ ಇರುತ್ತಿತ್ತು.

ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಸಮಿತಿ ಮಾಡಿದರೆ ಕಾರ್ಪೊರೇಟರ್ ತಮ್ಮ ಬೆಂಬಲಿಗರನ್ನೇ ತುಂಬುತ್ತಾರೆ, ಪಟ್ಟಿಯಲ್ಲಿ ತಮ್ಮವರ ಹೆಸರೇ ಮೊದಲು ಬರುತ್ತದೆ ಅನ್ನುತ್ತಾರೆ. ಬರಬಹುದು. ಆದರೆ ಸಮಿತಿ ಇಲ್ಲದಾಗ ಆಗುವುದೂ ಅದೇ, ಯಾರಿಗೂ ಕಾಣದ ಹಾಗೆ ಆಗುತ್ತದೆ. ಪಟ್ಟಿಯನ್ನು ಏರಿಯಾ ಸಭೆಯಲ್ಲಿ ಗಟ್ಟಿಯಾಗಿ ಓದಿ, ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿದರೆ, ಪಕ್ಕದ ಮನೆಯವರು ಕೇಳುತ್ತಾರೆ: ಇವರ ಹೆಸರು ಯಾಕಿದೆ, ನಮ್ಮದು ಯಾಕಿಲ್ಲ? ಕೇಳಲು ಒಂದು ಜಾಗ ಇರುವುದು ದೊಡ್ಡ ವಿಷಯ.

ಈಗ ಮತ್ತೆ ಹೊಸ ನಗರ ಪ್ರಾಧಿಕಾರಕ್ಕೆ ಬರೋಣ. ಜಿಲ್ಲಾಧಿಕಾರಿಯ ಮೇಜಿನಿಂದ ಪಾಲಿಕೆ ಆಯುಕ್ತರ ಮೇಜಿಗೆ ಅಧಿಕಾರ ಬರುವುದು ಒಂದು ಹೆಜ್ಜೆ ಹತ್ತಿರ ಬಂದಂತೆ. ಅದು ಒಳ್ಳೆಯದು. ಆದರೆ ಅಧ್ಯಕ್ಷರು, ಉಪಾಧ್ಯಕ್ಷರು ಇಬ್ಬರೂ ಅಧಿಕಾರಿಗಳೇ. ಉಳಿದ ಸದಸ್ಯರು ಯಾರು ಅನ್ನುವುದು ರಾಜ್ಯ ಸರ್ಕಾರದ ನಿಯಮಕ್ಕೆ ಬಿಟ್ಟದ್ದು. ಮೇಯರ್‌ಗೆ ಜಾಗ ಕೊಡುವುದು, ವಾರ್ಡ್ ಸಮಿತಿಗಳ ಪಟ್ಟಿಯನ್ನು ಪ್ರಾಧಿಕಾರ ಬಳಸಲೇಬೇಕು ಅಂತ ಬರೆಯುವುದು, ಸೀಲ್‌ಡೌನ್ ಗೆರೆ ಎಳೆಯುವ ಮೊದಲು ಆ ವಾರ್ಡಿನವರ ಮಾತು ಕೇಳಬೇಕು ಅನ್ನುವುದು, ಎಲ್ಲವನ್ನೂ ಆ ನಿಯಮದಲ್ಲಿ ಸೇರಿಸಬಹುದು. ಸಂಸತ್ತಿಗೆ ಮತ್ತೆ ಹೋಗಬೇಕಾಗಿಲ್ಲ.

ಅಡ್ಡಿ ಇರುವುದು ಇನ್ನೊಂದು ಕಡೆ. 2020ರ ಫೆಬ್ರುವರಿಯಲ್ಲಿ ಶುರುವಾದ ನಮ್ಮ ಕೌನ್ಸಿಲ್‌ನ ಐದು ವರ್ಷ 2025ರ ಫೆಬ್ರುವರಿಗೆ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅಂದರೆ ನಗರಗಳಿಗೆ ವಿಪತ್ತಿನ ಅಧಿಕಾರ ಕೊಡುವ ಕಾಯ್ದೆ ಬಂದ ತಿಂಗಳಲ್ಲಿ ದಾವಣಗೆರೆಯಲ್ಲಿ ಕಾರ್ಪೊರೇಟರ್‌ಗಳೇ ಇರಲಿಲ್ಲ. ಕಾರ್ಪೊರೇಟರ್ ಇಲ್ಲದೆ ವಾರ್ಡ್ ಸಮಿತಿಗೆ ಅಧ್ಯಕ್ಷರಿಲ್ಲ. ಹಾಗಾಗಿ ಪಾಲಿಕೆ ಚುನಾವಣೆಯನ್ನು ಸಮಯಕ್ಕೆ ಸರಿಯಾಗಿ ನಡೆಸುವುದೂ ಸಾಂಕ್ರಾಮಿಕದ ಸಿದ್ಧತೆಯ ಒಂದು ಭಾಗವೇ. ಹೊಸ ಕೌನ್ಸಿಲ್ ಬಂದ ಮೊದಲ ತಿಂಗಳಲ್ಲೇ 45 ಸಮಿತಿಗಳ ನೇಮಕ ಆಗಬೇಕು. ಆ 450 ಕುರ್ಚಿಗಳಲ್ಲಿ ಭಟ್ಟಿ ಕೂಲಿಯ ಹೆಂಗಸಿಗೆ, ತಳ್ಳುಗಾಡಿಯವರಿಗೆ, ಪೌರಕಾರ್ಮಿಕರ ಮನೆಯವರಿಗೆ ಎಷ್ಟು ಸಿಗುತ್ತವೆ ಅನ್ನುವುದನ್ನು ಮತ ಕೇಳಲು ಬಂದ ಅಭ್ಯರ್ಥಿಯ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.